ತೋಪಿನ ಬಾವಿಯ ಮೊದಲ ಕೊಡ

ತೋಪಿನ ಬಾವಿಯನ್ನು ದುರಸ್ತಿ ಮಾಡಿದವರು ನಾವು. ಅದರ ಶಿಕ್ಷೆಯನ್ನು ಅನುಭವಿಸಿದವರು ಕೆಳಗಿನ ಕೇರಿಯ ಹೆಂಗಸರು. ನಾವು ಕೆಟ್ಟದ್ದನ್ನು ಬಯಸಿರಲಿಲ್ಲ ಎಂದು ನಮ್ಮ ಗುಂಪಿನವರು ಈಗಲೂ ಹೇಳುತ್ತಾರೆ. ಬಯಸಿರಲಿಲ್ಲ, ನಿಜ. ಆದರೆ ಆ ದಿನ ಬಾವಿಯ ಹಗ್ಗ ನನ್ನ ಕೈಯಲ್ಲಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ನನಗೆ ಗೊತ್ತಿತ್ತು. ಕೊಟ್ಟದ್ದು ಇನ್ನೊಬ್ಬರಿಗೆ. ಅಂದಿನಿಂದ ಎಷ್ಟೋ ಸಭೆಗಳಲ್ಲಿ ನಿಂತು ಎಷ್ಟೋ ಜನರ ತಪ್ಪುಗಳನ್ನು ಎತ್ತಿ ಹೇಳಿದ್ದೇನೆ. ಇದನ್ನು ಮಾತ್ರ ಹೇಳಿಲ್ಲ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸನ್ನು ನಡುದಾರಿಯಲ್ಲಿ ಇಳಿದು ಒಂದು ಮೈಲಿ ಒಳಕ್ಕೆ ನಡೆದರೆ ಆ ಊರು. ಊರ ಹೊರಗೆ ಹೊಂಗೆ, ಹುಣಸೆ ಮರಗಳ ಗುಂಡುತೋಪು, ಅದರ ನಡುವೆ ಕಲ್ಲು ಕಟ್ಟಿದ ಬಾವಿ. ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು ಒಂದು ಕಾಲದಲ್ಲಿ ಅಲ್ಲಿ ಬುತ್ತಿ ಬಿಚ್ಚುತ್ತಿದ್ದರಂತೆ. ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ ದಫ್ತರಿನಲ್ಲಿ ಆ ಜಾಗವನ್ನು ಪೊರಂಬೋಕು ಎಂದು ಬರೆದಿದ್ದರು. ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದ ಮೇಲೂ ಊರವರ ಬಾಯಲ್ಲಿ ಆ ಮಾತೇ ಉಳಿಯಿತು. ಸರ್ಕಾರದ ಜಾಗ, ಅಂದರೆ ಯಾರದ್ದೂ ಅಲ್ಲದ ಜಾಗ.

ನಾನು ಹುಟ್ಟುವುದಕ್ಕೂ ಮುಂಚೆ ಮೇಲಿನ ಬೀದಿಯ ಒಬ್ಬ ಸೊಸೆ ಆ ಬಾವಿಗೆ ಬಿದ್ದು ಸತ್ತಿದ್ದಳು. ಏಕೆ ಬಿದ್ದಳೆಂದು ಯಾರೂ ಕೇಳಲಿಲ್ಲ. ಅದೂ ಒಂದು ಅಪರಾಧ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ನೀರು ಮೈಲಿಗೆಯಾಯಿತೆಂದು ಬೀದಿಯವರು ಊರೊಳಗೆ ಬೇರೆ ಬಾವಿ ತೋಡಿಸಿಕೊಂಡರು. ತೋಪಿನ ಬಾವಿ ಪಾಳು ಬಿತ್ತು. ಅದರ ಮೂಡಲ ಮಗ್ಗುಲಿನ ಕಲ್ಲುಗಳು ಜರಿದು ಇಳಿಜಾರಾಯಿತು. ಆ ಇಳಿಜಾರಿನಲ್ಲಿ ಕೇರಿಯ ಹೆಂಗಸರು ಹಗ್ಗದ ಹಂಗಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಕೊಡ ಹಿಡಿದು ಇಳಿಯತೊಡಗಿದರು. ಅದುವರೆಗೆ ಅವರು ಮೇಲಿನವರ ಬಾವಿಯಿಂದ ದೂರ ನಿಂತು, ಯಾರಾದರೂ ಮೇಲಿಂದ ಹೊಯ್ದಷ್ಟು ನೀರಿಗೆ ಕೊಡ ಒಡ್ಡಬೇಕಾಗಿತ್ತು. ಒಬ್ಬ ಹೆಣ್ಣುಮಗಳ ಸಾವು ಅವರಿಗೆ ಒಂದು ಬಾವಿಯನ್ನು ಕೊಟ್ಟಿತ್ತು.

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾವು ಹನ್ನೊಂದು ಮಂದಿ ನಮ್ಮ ಸಂಸ್ಥೆಯ ಪರವಾಗಿ ಸೇವಾ ಶಿಬಿರವೆಂದು ಅಲ್ಲಿಗೆ ಹೋದೆವು. ನಾನು ಓದಿದ್ದು ತೋಟಗೆಲಸ, ನೂಲುವುದು, ಪಾಯಿಖಾನೆ ತೊಳೆಯುವುದು ಇವೆಲ್ಲ ಲೆಕ್ಕದಷ್ಟೇ ಮುಖ್ಯವಾದ ಪಾಠಗಳಾಗಿದ್ದ ಶಾಲೆಯಲ್ಲಿ. ಕೊಳ್ಳೇಗಾಲದಲ್ಲಿ ನಮ್ಮ ಮನೆಯವರು ರೇಷ್ಮೆ ಸೀರೆ ಮಾರಿದರೆ ನಾನು ಖಾದಿ ಉಟ್ಟು ಅವರ ಅಂಗಡಿಯ ಮುಂದೆಯೇ ನಡೆದು ಹೋಗುತ್ತಿದ್ದೆ. ಹಳ್ಳಿ ತನ್ನ ಅನ್ನವನ್ನು ತಾನೇ ಬೆಳೆಯಬೇಕು, ಮಣ್ಣಿನಿಂದ ಪಡೆದದ್ದನ್ನು ಮಣ್ಣಿಗೆ ಮರಳಿಸಬೇಕು ಎಂಬುದು ನಮ್ಮ ನಂಬಿಕೆ. ಬಾವಿಯ ಹೂಳೆತ್ತುವುದು, ಕುಸಿದ ಮಗ್ಗುಲನ್ನು ಕಟ್ಟುವುದು, ಎಲೆಗೊಬ್ಬರದ ಗುಂಡಿ ತೋಡುವುದು, ಊರಿಗೆಲ್ಲ ಸಸಿ ಕೊಡುವಂಥ ಒಂದು ಮಾದರಿ ತೋಟ ಮಾಡುವುದು, ಇದು ನಮ್ಮ ಯೋಜನೆ. ನಮ್ಮ ನಕ್ಷೆಯಲ್ಲಿ ಬಾವಿಯ ಪಕ್ಕದ ನೆಲವನ್ನು ಖಾಲಿ ಜಾಗ ಎಂದು ಗುರುತಿಸಿದ್ದೆವು.

ಅದು ಖಾಲಿ ಇರಲಿಲ್ಲ. ಕೇರಿಯ ಒಬ್ಬ ಹೆಂಗಸು ಅಲ್ಲಿ ಐದು ಮಡಿ ಮಾಡಿಕೊಂಡು ದಂಟು, ಬದನೆ, ಮೆಣಸಿನಕಾಯಿ, ಅವರೆ, ನೆಲದ ಮೇಲೇ ಹಬ್ಬಿದ ಕುಂಬಳ ಬೆಳೆಯುತ್ತಿದ್ದಳು. ವಯಸ್ಸು ನಲವತ್ತರ ಆಸುಪಾಸು. ಗಂಡ ಕಲ್ಲು ಒಡೆಯುವ ಕೆಲಸದಲ್ಲಿ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಆ ಐದು ಮಡಿಯ ಸೊಪ್ಪು, ಕಾಯಿ ಆಕೆಯ ತಲೆಯ ಮೇಲೆ ಹನೂರಿನ ಸಂತೆಗೆ ಹೋಗಿ ರಾಗಿಯಾಗಿ ಹಿಂತಿರುಗುತ್ತಿದ್ದವು. ಆ ಮನೆಗೆ ಬೇರೆ ಆಧಾರವಿರಲಿಲ್ಲ.

ನಾವು ಗೊಬ್ಬರದ ಗುಂಡಿಗೆ ಉದ್ದ, ಅಗಲ, ಆಳ ಅಳೆದು ದಾರ ಕಟ್ಟುತ್ತಿದ್ದಾಗ ಆಕೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನೋಡುತ್ತ ನಿಂತಿದ್ದಳು. ಕಡೆಗೆ ಕೇಳಿದಳು: "ತಿಪ್ಪೆಗೂ ಅಳ್ತೆ ತಕಂಡು ರವಿಕೆ ಒಲ್ಸೀರಾ ಅಮ್ಮಾವ್ರೆ?"

ನಾವೆಲ್ಲ ನಕ್ಕೆವು. ಆಮೇಲೆ ಆಕೆಯೇ ನಮಗೆ ಮೇಷ್ಟ್ರಾದಳು. ನಾವು ಪಟ್ಟಣದಿಂದ ತಂದ ಎಲೆಕೋಸಿನ ಸಸಿಗಳನ್ನು ಹುಳು ತಿಂದಾಗ, ಇಬ್ಬನಿ ಆರುವ ಮೊದಲು ಒಲೆಬೂದಿ ಎರಚಲು ಹೇಳಿದಳು. ರಾಗಿಯ ಹೊಟ್ಟು ಹರಡಿ ಮಡಿಯ ತೇವ ಉಳಿಸುವುದನ್ನು, ಬದನೆಯ ನಡುವೆ ದಂಟು ಹಾಕಿ ಎರಡಕ್ಕೂ ಒಂದೇ ನೀರು ಉಣಿಸುವುದನ್ನು ತೋರಿಸಿದಳು. ಇದನ್ನೆಲ್ಲ ನಾನು ಶಿಬಿರದ ಪುಸ್ತಕದಲ್ಲಿ "ನಮ್ಮ ಪ್ರಯೋಗಗಳು" ಎಂಬ ತಲೆಬರಹದ ಕೆಳಗೆ ಬರೆದೆ. ಕದ್ದೆ ಎಂದು ಆಗ ಅನ್ನಿಸಲಿಲ್ಲ.

ಹೂಳೆತ್ತಲು ಬಾವಿಗೆ ಇಳಿದವರು ಕೇರಿಯ ಗಂಡಸರು. ಹೆಣ ಬಿದ್ದ ಬಾವಿಗೆ ಮೇಲಿನ ಬೀದಿಯವರು ಇಳಿಯಲಿಲ್ಲ; ಎತ್ತು, ಗಾಡಿ, ಸುಣ್ಣ ಕೊಟ್ಟರು. ನಾವು ಎರಡನ್ನೂ ಶ್ರಮದಾನವೆಂದೇ ಕರೆದೆವು. ಜರಿದ ಮಗ್ಗುಲಿಗೆ ಕಲ್ಲು ಜೋಡಿಸುವ ಕೆಲಸ ಶುರುವಾದ ದಿನ ಆಕೆ ನನ್ನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತಳು. ಇಳಿಯುವ ದಾರಿ ಮುಚ್ಚಿ ಹೋಗುತ್ತದಲ್ಲ, ನಾವು ನೀರು ಹೇಗೆ ತರುವುದು ಎಂದಳು. ರಾಟೆ ಹಾಕಿಸುತ್ತೇವೆ, ಇಳಿಯುವ ಕಷ್ಟವೇ ಇರುವುದಿಲ್ಲ, ನಿಂತಲ್ಲೇ ಸೇದಬಹುದು ಎಂದೆ. ಹಗ್ಗ ಯಾರದು ಎಂದಳು. ಹಗ್ಗವೂ ಬಾವಿಯೂ ಎಲ್ಲರದು ಎಂದೆ. ಶಾಲೆಯಲ್ಲಿ ಕಲಿತ ಉತ್ತರ.

ಆಕೆ ಸ್ವಲ್ಪ ಹೊತ್ತು ನೆಲ ಕೆದಕಿದಳು. "ಎಲ್ಲಾರ್ದು ಅನ್ಬ್ಯಾಡಿ ಕನವ್ವ," ಎಂದಳು. "ಎಲ್ಲಾರ್ದು ಅಂದ್ರೆ ಅವ್ರ್ದು. ಯಾರ್ದೂ ಅಲ್ಲ ಅನ್ನಿ, ಆಗ ನಮ್ಗೂ ಒಂದ್ ಕೊಡ ಸಿಕ್ತದೆ."

ಆ ಮಾತಿಗೆ ನಾನು ಭಾಷಣದಲ್ಲಿ ಉತ್ತರ ಕೊಟ್ಟೆ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದಿದೆ, ಯಾರೂ ತಡೆಯುವಂತಿಲ್ಲ ಎಂದು ವಿವರಿಸಿದೆ. ಕಾನೂನಿನ ಮಾತು ಮುಗಿಯುವವರೆಗೆ ಕೇಳಿ, ಆಕೆ ತನಗೆ ಬೇಕಾದದ್ದನ್ನು ಕೇಳಿದಳು: ಬಾವಿ ಮುಗಿದ ದಿನ ಮೊದಲ ಕೊಡ ಯಾರು ಎತ್ತುತ್ತಾರೆ?

ಆ ಪ್ರಶ್ನೆಯ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಯಳಂದೂರಿನಲ್ಲಿ ನನ್ನ ಅಜ್ಜಿ ಹಿತ್ತಿಲಿಗೆ ಹೊಸ ಬಾವಿ ತೋಡಿಸಿದಾಗ, ಗಂಗೆ ಪೂಜೆ ಮಾಡಿ ಮೊದಲ ಕೊಡವನ್ನು ತಾನೇ ಎತ್ತಿದ್ದಳು. ಓರಗಿತ್ತಿಗೆ ಹಗ್ಗ ಮುಟ್ಟಲು ಬಿಟ್ಟಿರಲಿಲ್ಲ. ಮೊದಲ ಕೊಡ ಎತ್ತಿದವಳ ಮನೆಯದೇ ಬಾವಿ. ಅದಕ್ಕೆ ಕಾಗದ ಬೇಕಿಲ್ಲ, ಸಾಕ್ಷಿ ಬೇಕಿಲ್ಲ.

"ನೀನೇ ಎತ್ತು. ಹಗ್ಗವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ," ಎಂದು ಮಾತು ಕೊಟ್ಟೆ.

ಶಿಬಿರದ ಹೆಣ್ಣುಮಕ್ಕಳು ಇಬ್ಬರೇ. ನಾವು ಉಳಿದುಕೊಂಡಿದ್ದು ಮೇಲಿನ ಬೀದಿಯ ಯಜಮಾನರ ಮನೆಯಲ್ಲಿ. ಹೋದ ಮೊದಲ ದಿನವೇ ಯಜಮಾನರ ತಾಯಿ ನಾನು ಯಾರ ಮನೆಯ ಮಗಳೆಂದು ವಿಚಾರಿಸಿ, ಯಳಂದೂರಿನ ನನ್ನ ಅಜ್ಜಿ ತನಗೆ ವರಸೆಯಲ್ಲಿ ಅಕ್ಕನಾಗಬೇಕೆಂದು ಕಂಡುಹಿಡಿದಿದ್ದರು. ಆಮೇಲೆ ನನಗೆ ಆ ಮನೆಯಲ್ಲಿ ಬಿಸಿ ಮುದ್ದೆ, ಬಸ್ಸಾರು, ತಲೆಗೆ ಎಣ್ಣೆ. ಅವರ ಅಡುಗೆಮನೆಯಲ್ಲಿ ಕುಳಿತು ಉಣ್ಣುವಾಗ ಕೇರಿಯ ಹೆಂಗಸು ಎಲ್ಲಿ ನಿಂತು ಉಣ್ಣಬೇಕಾದೀತು ಎಂಬ ಯೋಚನೆ ನನಗೆ ಬಂದದ್ದುಂಟು. ಬಂದರೂ ಇನ್ನೊಂದು ಮುದ್ದೆ ಹಾಕಿಸಿಕೊಂಡಿದ್ದೇನೆ.

ಕೆಲಸ ಮುಗಿಯುತ್ತ ಬಂದಾಗ ಯಜಮಾನರ ಮನೆಯ ಆ ಅಜ್ಜಿಯೇ ಪೂಜೆಯ ಮಾತು ತೆಗೆದರು. ಹೂಳೆಲ್ಲ ತೆಗೆದು ಹೊಸ ನೀರು ಬಂದಿದೆ, ಹಳೆಯ ಮೈಲಿಗೆ ಕಳೆಯಿತು, ಗಂಗೆಗೆ ಒಂದು ಪೂಜೆ ಆಗಿಬಿಡಲಿ ಎಂದರು. ಶಿಬಿರದ ಸಭೆಯಲ್ಲಿ ನಾವು ಇದನ್ನು ಐದು ನಿಮಿಷವೂ ಚರ್ಚಿಸಲಿಲ್ಲ. ಎರಡು ತೆಂಗಿನಕಾಯಿ ಒಡೆದು ಕಲ್ಲಿಗೆ ಅರಿಶಿನ ಬಳಿದರೆ ಏನಾಯಿತು, ನಂಬದವರಿಗೆ ಅದು ಬರೀ ಹೊಗೆ ಎಂದರು ಶಿಬಿರ ನಡೆಸುತ್ತಿದ್ದ ನಮ್ಮ ಹಿರಿಯರು. ನಾನೂ ತಲೆಯಾಡಿಸಿದೆ. ನಮ್ಮ ವಿದ್ಯಾಭ್ಯಾಸದ ದೊಡ್ಡ ಕುರುಡುತನ ಅದೇ: ನಾವು ನಂಬದ ವಿಧಿಗೆ ಬಲವಿಲ್ಲವೆಂದು ತಿಳಿದದ್ದು. ಮೈಲಿಗೆಯಿಂದಾಗಿ ಕೇರಿಗೆ ದಕ್ಕಿದ್ದ ನೀರನ್ನು ನಾವು ತೊಳೆದು ಮಡಿ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಬಿಟ್ಟು ಹೋದವರಿಗೆ ಮರಳಿ ಕೊಡಲು ಸಿದ್ಧಮಾಡಿದ್ದೆವು.

ಪೂಜೆಯ ಬೆಳಿಗ್ಗೆ ಹೊಸ ರಾಟೆಗೆ ಹೊಸ ಹಗ್ಗ ಹಾಕಿದವಳು ನಾನು. ಮೇಲಿನ ಬೀದಿಯವರೆಲ್ಲ ವಿಭೂತಿ ಧರಿಸಿ, ಮಡಿ ಉಟ್ಟು ಬಂದಿದ್ದರು. ಕೇರಿಯವರು ಹೊಂಗೆ ಮರದ ಆಚೆ ನಿಂತಿದ್ದರು. ಆಕೆ ಎಲ್ಲರಿಗಿಂತ ಮುಂದೆ, ಹುಣಸೆಹಣ್ಣಿನಲ್ಲಿ ಬೆಳಗಿದ ತಾಮ್ರದ ಕೊಡ ಹಿಡಿದು. ಆ ಕೊಡ ಆಕೆಯದಲ್ಲವೆಂದು ನನಗೆ ಆಮೇಲೆ ತಿಳಿಯಿತು. ಆ ದಿನಕ್ಕೆಂದು ನೆಂಟರ ಮನೆಯಿಂದ ಕೇಳಿ ತಂದದ್ದು.

ಕಾಯಿ ಒಡೆದಾಯಿತು. ನಾನು ಹಗ್ಗ ಹಿಡಿದು ಮರದ ಕಡೆ ನೋಡಿದೆ. ಆಕೆ ಎರಡು ಹೆಜ್ಜೆ ಮುಂದೆ ಬಂದಳು. ಜನರ ನಡುವೆ ಒಂದು ಗುಜುಗುಜು ಎದ್ದಿತು. ಯಜಮಾನರು ನಮ್ಮ ಹಿರಿಯರ ಮುಖ ನೋಡಿದರು, ಅಷ್ಟೆ. ಹಿರಿಯರು ನನ್ನ ಪಕ್ಕಕ್ಕೆ ಬಂದು, ಇವತ್ತು ಬೇಡ, ಮನಪರಿವರ್ತನೆಗೆ ಕಾಲ ಬೇಕು, ಮುಂದಿನ ಊರಿನಲ್ಲಿ ಶಿಬಿರಕ್ಕೆ ಜಾಗ ಕೊಡುವವರೂ ಇವರೇ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅಷ್ಟರಲ್ಲಿ ಅಜ್ಜಿ ಕೈ ಚಾಚಿದರು.

"ಕೊಡು ಮಗ," ಎಂದರು.

ಅವರ ಬೆರಳುಗಳಲ್ಲಿ ನನ್ನ ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಇನ್ನೂ ಇತ್ತು. ನಾನು ಕೊಟ್ಟೆ. ಯಾರೂ ಕಸಿದುಕೊಳ್ಳಲಿಲ್ಲ, ಗದರಲಿಲ್ಲ. ರಾಟೆ ಕಿರುಗುಟ್ಟಿತು, ಕೊಡ ಮೇಲೆ ಬಂತು, ಬೀದಿಯ ಹೆಂಗಸರು ಸಾಲಾಗಿ ನಿಂತರು. ನಾನು ಮತ್ತೆ ಹೊಂಗೆ ಮರದ ಕಡೆ ನೋಡಿದಾಗ ಆಕೆ ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಿದ್ದಳು.

ಮಾರನೆಯ ದಿನ ಬಾವಿಯ ಸುತ್ತ ಮುಳ್ಳುಬೇಲಿ ಬಂತು. ದನ ನುಗ್ಗದಿರಲಿ ಎಂದು ಕಾರಣ ಕೊಟ್ಟರು. ಐದು ಮಡಿಗಳೂ ಬೇಲಿಯ ಒಳಗಾದವು. ಅಲ್ಲಿ ನಮ್ಮ ಮಾದರಿ ತೋಟದ ಫಲಕ ನಿಂತಿತು. ಅಂದು ಊಟದ ಹೊತ್ತಿಗೆ, ಕೇರಿಯವರ ನೀರಿನ ಗತಿಯೇನೆಂದು ನಾನು ಅಜ್ಜಿಯನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ನಿಜವಾಗಿಯೂ ಅರ್ಥವಾಗಲಿಲ್ಲ.

"ನೀರ್ ಕೊಡಕ್ಕಿಲ್ಲ ಅಂದ್ವಾ? ಉಯ್ತೀವಿ," ಎಂದರು. "ಮೊದ್ಲೂ ಉಯ್ತಿದ್ವಲ್ಲ ಮಗ."

ಎದ್ದು ಪೊಲೀಸ್ ಠಾಣೆಗೆ ಹೋಗಬಹುದಾಗಿತ್ತು. ಕಾನೂನಿನ ಪಾಠ ಹೇಳಿದವಳು ನಾನೇ. ಹೋಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಉಂಡು ಕೈ ತೊಳೆದೆ.

ಶಿಬಿರ ಮುಗಿದ ದಿನ ನಾವು ಬಸ್ಸಿಗೆ ಕಾಯುತ್ತಿದ್ದಲ್ಲಿಗೆ ಆಕೆ ಬಂದಳು. ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಹೆದರಿದ್ದೆ, ಎರಡನ್ನೂ ಮಾಡಲಿಲ್ಲ. ಹಳೆಯ ಬಟ್ಟೆಯ ಒಂದು ಗಂಟನ್ನು ನನ್ನ ಮಡಿಲಿಗೆ ಹಾಕಿದಳು. ಮುಂದಿನ ಬಿತ್ತನೆಗೆಂದು ಬೂದಿಯಲ್ಲಿ ಉರುಳಿಸಿ ಇಟ್ಟ ಕುಂಬಳದ ಬೀಜ.

"ನಿಮ್ಮ ಇತ್ಲಲ್ಲಿ ಹಾಕ್ಕಳಿ. ನಂಗೆ ನೀರಿಲ್ಲ," ಎಂದಳು. ಬಸ್ಸು ಕಾಣಿಸಿದಾಗ ಇನ್ನೊಂದು ಮಾತು ಸೇರಿಸಿದಳು: "ನೀವು ಯೋಳ್ದಂಗೇ ಎಲ್ಲಾರ್ದು ಮಾಡ್ಬುಟ್ರಿ ಕನವ್ವ."

ಆ ಬೀಜದ ಸಂತತಿ ಕೊಳ್ಳೇಗಾಲದ ನಮ್ಮ ಹಿತ್ತಿಲಲ್ಲಿ ಪ್ರತಿ ವರ್ಷ ಹಬ್ಬುತ್ತದೆ. ಕಾಯಿ ಚೆನ್ನಾಗಿರುತ್ತದೆ, ನೆಂಟರು ಹೊಗಳಿ ಬೀಜ ಕೇಳಿ ಒಯ್ಯುತ್ತಾರೆ. ನಾನು ಆ ಪಲ್ಯವನ್ನು ಬಡಿಸುತ್ತೇನೆ, ತಿನ್ನುವುದಿಲ್ಲ. ಅದರಿಂದ ಆಕೆಗೆ ಒಂದು ಹನಿ ನೀರೂ ಸಿಗುವುದಿಲ್ಲವೆಂಬುದು ನನಗೆ ತಿಳಿದಿದೆ.

ಶಿಬಿರವಾಗಿ ಹತ್ತು ವರ್ಷ ದಾಟಿದ ಮೇಲೆ, ಕಳೆದ ವರ್ಷ, ಧೈರ್ಯ ಮಾಡಿ ಮತ್ತೆ ಆ ಊರಿಗೆ ಹೋದೆ. ಮುಳ್ಳುಬೇಲಿ ಈಗ ಗೋಡೆಯಾಗಿದೆ, ಕಬ್ಬಿಣದ ಗೇಟಿಗೆ ಬೀಗವಿದೆ, ಬೀಗದ ಕೈ ಯಜಮಾನರ ಮನೆಯ ಗೂಟದಲ್ಲಿ ನೇತಾಡುತ್ತದೆ. ಐದು ಮಡಿಗಳ ಜಾಗದಲ್ಲಿ ತೆಂಗಿನ ಸಸಿಗಳಿವೆ. ಗೇಟಿನ ಹೊರಗೆ ಕೇರಿಯ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು, ಹೊಯ್ಯುವವರಿಗಾಗಿ ಕಾಯುತ್ತಿದ್ದರು. ಆಕೆಯೂ ಇದ್ದಳು. ಬೇರೆಯವರ ಹಿಪ್ಪುನೇರಳೆ ತೋಟದಲ್ಲಿ ಕಳೆ ಕೀಳಲು ಹೋಗುತ್ತಾಳಂತೆ. ನನ್ನನ್ನು ಗುರುತು ಹಿಡಿದು, ಬೀಜ ಹುಟ್ಟಿತೇ ಎಂದು ಕೇಳಿದಳು. ಹುಟ್ಟಿತು ಎಂದೆ. ಅದಕ್ಕಿಂತ ಹೆಚ್ಚಿನದನ್ನು ಅಲ್ಲಿ ಹೇಳಲಾರದೆ, ಬಂದು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಆ ಊರಿನ ಪಂಚಾಯಿತಿಯ ಅಧ್ಯಕ್ಷರೇ, ಸದಸ್ಯರೇ, ಪ್ರತಿ ವರ್ಷದ ವರದಿಯಲ್ಲಿ ಆ ಬಾವಿಯ ಚಿತ್ರವನ್ನು ಇಂದಿಗೂ ಅಚ್ಚು ಹಾಕಿಸುವ ನಮ್ಮ ಸಂಸ್ಥೆಯ ಹಿರಿಯರೇ, ನಾನು ಕೇಳುವುದು ಇಷ್ಟು. ಬರುವ ಯುಗಾದಿಯೊಳಗೆ ಆ ಗೇಟನ್ನು ಕಿತ್ತುಹಾಕಿ. ತೆಂಗಿನ ಸಸಿಗಳನ್ನು ಬೇರೆ ಕಡೆ ನೆಟ್ಟು ಐದು ಮಡಿಗಳನ್ನು ಆಕೆಗೆ ಬಿಟ್ಟುಕೊಡಿ, ಬಿಟ್ಟುಕೊಟ್ಟದ್ದನ್ನು ದಫ್ತರಿನಲ್ಲಿ ಬರೆಯಿರಿ. ಯುಗಾದಿಯ ಬೆಳಿಗ್ಗೆ ಊರೆಲ್ಲ ನೋಡುತ್ತಿರುವಾಗ ಮೊದಲ ಕೊಡವನ್ನು ಆಕೆ ಎತ್ತಲಿ. ನಾನು ಬಂದು ಕೊಟ್ಟ ಮಾತಿನಂತೆ ಹಗ್ಗವನ್ನು ಆಕೆಯ ಕೈಗೆ ಕೊಡುತ್ತೇನೆ. ಕೇರಿಗೆಂದು ಇನ್ನೊಂದು ರಾಟೆ ಹಾಕಿಸಿ ನ್ಯಾಯ ಮಾಡಿದೆವೆನ್ನಬೇಡಿ. ಮೇಲಿನ ಬೀದಿ ಸೇದುವ ಅದೇ ಹಗ್ಗ, ಅದೇ ರಾಟೆ.