ಮುನಿಕೃಷ್ಣಮ್ಮನವರ ಪೊರಕೆಕಡ್ಡಿ

ಭೀಮನಿಗೆ ಗದೆ, ಅರ್ಜುನನಿಗೆ ಗಾಂಡೀವ, ಆರ್.ಟಿ. ನಗರದ ಮುನಿಕೃಷ್ಣಮ್ಮನವರಿಗೆ ಪೊರಕೆಕಡ್ಡಿ. ಎಪ್ಪತ್ತರ ದಶಕದಲ್ಲಿ ಡಾಕ್ಟರುಗಳನ್ನು ತಯಾರು ಮಾಡಿದ್ದು ಆ ಕಡ್ಡಿಯೇ ಹೊರತು ಪ್ರೊಫೆಸರುಗಳಲ್ಲ ಎಂದು ನಮ್ಮ ಬೀದಿಯೇ ನಂಬಿತ್ತು. ಓದುಬರಹ ಬಾರದ, ಮಕ್ಕಳೂ ಇಲ್ಲದ ಅವರು ಹಿತ್ತಲ ಕೋಣೆಯನ್ನು ಮೆಡಿಕಲ್ ಹುಡುಗರಿಗೇ ಬಾಡಿಗೆಗೆ ಕೊಡುತ್ತಿದ್ದರು. ಬಂದವನು ಟ್ರಂಕು ಇಳಿಸುವ ಮೊದಲೇ ಅವನ ದಪ್ಪ ಪುಸ್ತಕ ಕಸಿದುಕೊಂಡು, ಪರೀಕ್ಷೆಗೆ ಎಷ್ಟು ದಿನವೋ ಅಷ್ಟು ಕಡ್ಡಿಗಳನ್ನು ಹಾಳೆಗಳ ನಡುವೆ ಸಿಕ್ಕಿಸಿಬಿಡುವರು. "ಇಡೀ ಮುದ್ದೆ ಒಂದೇ ಸಲ ನುಂಗಕ್ಕಾಗತ್ತೇನೋ? ಮುರ್ಕೊಂಡು ನುಂಗು. ಈ ಕಡ್ಡಿಯಿಂದ ಆ ಕಡ್ಡಿಗಂಟ ಇವತ್ತಿಂದು!" ಸಂಜೆ ಅವನು ಕಾಲೇಜಿನಿಂದ ತಂದ ತೊಡೆಮೂಳೆ ಹಿಡಿದು ಪಾಠ ಒಪ್ಪಿಸಬೇಕು. ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಹುಡುಗ ತಡವರಿಸಿದ್ದು ಮಾತ್ರ ಥಟ್ಟನೆ ತಿಳಿಯುತ್ತಿತ್ತು: "ನಾಲ್ಗೆ ಎಡವ್ತು ಕಣೋ, ಇನ್ನೊಂದ್ಸಲ ಹೇಳು!" ಸರಿಯಾಗಿ ಒಪ್ಪಿಸಿದರೆ ಅಂದಿನ ಕಡ್ಡಿ ಕಿತ್ತು, ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುವರು. ಗೋಡೆ ತುಂಬುವಷ್ಟರಲ್ಲಿ ಹುಡುಗ ಡಾಕ್ಟರಾಗುತ್ತಿದ್ದ. "ಮತ್ತೆ ಬರ್ತೀನಮ್ಮಾ" ಎಂದು ಟ್ರಂಕು ಎತ್ತಿಕೊಂಡು ಹೋದವನು ಮತ್ತೆ ಬರುತ್ತಿರಲಿಲ್ಲ. ಮುಂದಿನವನಿಗಾಗಿ ಕೋಣೆಗೆ ಸುಣ್ಣ ಬೀಳುತ್ತಿತ್ತು. ಆದರೆ ಏಳು ವರ್ಷಗಳಿಂದ ಕಿಟಕಿಯ ಪಕ್ಕದ ಮೊಳದಷ್ಟು ಜಾಗಕ್ಕೆ ಮಾತ್ರ ಸುಣ್ಣ ತಾಗಿರಲಿಲ್ಲ. ಅಲ್ಲಿದ್ದುದು ಡಾಕ್ಟರಾಗಿ ಹೋದ ಬಿಜಾಪುರದ ಪಂಚಪ್ಪನ ಕೊನೆಯ ಗೀಟುಗಳು. ಅಷ್ಟು ಹುಡುಗರಲ್ಲಿ ಅವರನ್ನು "ಅವ್ವಾ" ಎಂದು ಕರೆದವನು ಅವನೊಬ್ಬನೇ. "ಇದೊಂದನ್ನ ಯಾಕಮ್ಮಾ ಹಂಗೇ ಬಿಟ್ಟಿದೀರಿ?" ಎಂದು ಒಮ್ಮೆ ಕೆಣಕಿದೆ. ಮುನಿಕೃಷ್ಣಮ್ಮನವರು ಗೋಡೆಯ ಕಡೆ ತಿರುಗಿಯೂ ನೋಡದೆ ಹೇಳಿದರು: "ಸುಣ್ಣ ಸಾಲ್ಲಿಲ್ಲ ಕಣಪ್ಪಾ."