ಕೌದಿಯ ಹೊಟ್ಟೆಗೆ ಹಾಕಿದ ಅಕ್ಕಿ

ಕಳೆದ ವರ್ಷ ದೀಪಾವಳಿ ಮುಗಿದ ಎರಡನೇ ಭಾನುವಾರ, ಬೆಳಿಗ್ಗೆ ಏಳೂವರೆಗೆ, ಅಮ್ಮ ನಡುಮನೆಯಲ್ಲಿ ಅವತ್ತಿನ ಪೇಪರ್ ಹಾಸಿ ಅಕ್ಕಿ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದಳು. ಆ ಪೇಪರನ್ನು ನಾನಿನ್ನೂ ಓದಿರಲಿಲ್ಲ.

"ಹುಳ ಬಿದ್ದಿದೆ" ಎಂದಳು.

ಬಗ್ಗಿ ನೋಡಿದೆ. ಒಂದು ಹುಳವೂ ಇರಲಿಲ್ಲ. ನನ್ನ ಹೆಂಡತಿ ವಾಕಿಂಗ್ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡ ಮೇಲೆ ಅಮ್ಮ ನಿಜ ಹೇಳಿದಳು. ಅವಳ ವಜ್ರದ ಮೂಗುಬೊಟ್ಟು ಆ ಡಬ್ಬಿಯಲ್ಲಿತ್ತು. ಈಗ ಇಲ್ಲ. ಅದು ಅವಳಿಗೆ ತನ್ನ ತಾಯಿಯಿಂದ ಬಂದದ್ದು, ನನ್ನ ಮಗಳಿಗೆ ಕೊಡುತ್ತೇನೆಂದು ಮಾತು ಕೊಟ್ಟದ್ದು. ಒಡವೆಗಳನ್ನು ಬ್ಯಾಂಕ್ ಲಾಕರಿನಲ್ಲೇ ಇಡಬೇಕೆಂದು ಸೊಸೆಗೆ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವಳೂ ಇವಳೇ.

"ಎಲ್ಲಿ ಹೋಯ್ತು?"

"ಕೌದಿ ಒಳಗೆ."

ಬನಶಂಕರಿ ಮೂರನೇ ಹಂತದ ನಮ್ಮ ರಸ್ತೆಯ ಹತ್ತು ಮಂದಿ ಹೆಂಗಸರು ಎರಡು ತಿಂಗಳು ಕೂತು, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಒಂದು ಕೌದಿ ಹೊಲಿದಿದ್ದರು. ಅದನ್ನು ಲಕ್ಕಿ ಡಿಪ್‌ಗೆ ಇಟ್ಟು, ಬಂದ ಹಣದಲ್ಲಿ ಗಾಲಿಕುರ್ಚಿ ಕೊಂಡು, ಬೇಕಾದವರಿಗೆ ಎರವಲು ಕೊಡುವುದೆಂದು ತೀರ್ಮಾನವಾಗಿತ್ತು. ಹೊಲಿಗೆ ಕಲಿಸಿದಾಕೆ ಇಟ್ಟಮಡುವಿನಲ್ಲಿ ಬ್ಲೌಸ್ ಹೊಲಿಯುವ, ಹಾವೇರಿ ಕಡೆಯ ಹೆಂಗಸು. ಕೊನೆಯ ಮೂಲೆ ಮುಚ್ಚುವಾಗ ಆಕೆ ಅಮ್ಮನ ಕೈ ಹಿಡಿದು ನಿಲ್ಲಿಸಿದ್ದಳಂತೆ.

"ಹಂಗ ಮುಚ್ಚಬ್ಯಾಡ್ರಿ ಅಮ್ಮಾರ. ಒಂದ್ ಹಿಡಿ ಅಕ್ಕಿ ಹಾಕ್ರಿ. ಹೊಟ್ಟಿ ತುಂಬಿಸೇ ಕಳಸ್ತೀವಿ ನಾವು."

ಹತ್ತಿರವಿದ್ದದ್ದು ನಮ್ಮ ಮನೆ. ಅಮ್ಮ ಕನ್ನಡಕವನ್ನು ಕೌದಿಯ ಮೇಲೇ ಬಿಟ್ಟು ಹೋಗಿ, ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ಅಕ್ಕಿ ತಂದು ಮೂಲೆಗೆ ತುಂಬಿ, ತಾನೇ ಹೊಲಿದು ಮುಗಿಸಿದ್ದಳು.

ಲಕ್ಕಿ ಡಿಪ್ ಇದ್ದದ್ದು ಅದೇ ಭಾನುವಾರ ಹನ್ನೊಂದು ಗಂಟೆಗೆ.

"ಉಳಿದಿರೋ ಚೀಟಿ ಎಲ್ಲಾ ನಾವೇ ತಗೊಂಡ್ಬಿಡೋಣ" ಎಂದಳು ಅಮ್ಮ.

"ಆಗಲ್ಲ. ಹೊಲಿದವರ ಮನೆಯವರು ಚೀಟಿ ತಗೋಬಾರ್ದು ಅಂತ ರೂಲಿದೆ."

"ಯಾವ ಪುಣ್ಯಾತ್ಮ ಮಾಡಿದ್ದು ಆ ರೂಲು?"

"ನಾನೇ ಬರ್ಕೊಟ್ಟಿದ್ದು."

"ಪೇಪರ್ ಆಫೀಸಲ್ಲಿ ಮೂವತ್ತು ವರ್ಷ ಇದನ್ನೇ ಕಲ್ತಿದ್ದಾ ನೀನು?"

ಕೌದಿ ಆಗಲೇ ಪಾರ್ಕಿನ ಮಂಟಪದಲ್ಲಿ ನೇತಾಡುತ್ತಿತ್ತು. ಅಮ್ಮ ಸೆರಗಿನಡಿ ಕತ್ತರಿ ಇಟ್ಟುಕೊಂಡು ಎರಡು ಸಲ ಅದರ ಹತ್ತಿರ ಹೋದಳು. ಎರಡು ಸಲವೂ ಯಾರೋ ಅವಳನ್ನು ಕೌದಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋಗಳು ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿವೆ. ಒಂದರಲ್ಲಿ ಕತ್ತರಿಯ ಹಿಡಿ ಕಾಣುತ್ತದೆ. ಆಮೇಲೆ ಹೂವಿನಾಕೆ ಬಂದು, ಹಿಂದೆಂದೂ ಇಲ್ಲದ ಉತ್ಸಾಹದಿಂದ ಆರು ಚೀಟಿ ಕೊಂಡಳು. ಯಾರ ಪರವಾಗಿ ಎಂದು ನಾನು ಕೇಳಲಿಲ್ಲ.

ಹನ್ನೊಂದಕ್ಕೆ ಇಸ್ತ್ರಿ ಅಂಗಡಿಯವರು ಸ್ಟೀಲ್ ಬಕೆಟ್ಟಿಗೆ ಕೈ ಹಾಕಿ ಒಂದು ಚೀಟಿ ಎತ್ತಿದರು. ಬಂದದ್ದು ಎದುರು ಮನೆಯ ನಿವೃತ್ತ ಫಿಸಿಕ್ಸ್ ಮೇಷ್ಟ್ರ ಹೆಸರು.

ಬೇರೆ ಯಾರಾದರೂ ಆಗಿದ್ದರೆ ಅಮ್ಮ ಹೋಗಿ ವಿಷಯ ಹೇಳುತ್ತಿದ್ದಳೇನೋ. ಆದರೆ ಅದಕ್ಕೆ ಎರಡು ವರ್ಷ ಮೊದಲು, ಗಣೇಶನ ಹಬ್ಬಕ್ಕೆ ಮೇಷ್ಟ್ರು ಮಾಡಿಸಿ ಹಂಚಿದ ಪೊಂಗಲ್‌ನಲ್ಲಿ ಅಮ್ಮನ ಹಲ್ಲಿಗೆ ಕಲ್ಲು ಸಿಕ್ಕಿತ್ತು. ಅದನ್ನು ಅವಳು ರಸ್ತೆಯ ಎರಡೂ ತುದಿಗೆ ಮುಟ್ಟಿಸಿದ್ದಳು. ಮೂಗುಬೊಟ್ಟಿನ ಸಮಾಚಾರವೂ ಅಷ್ಟೇ ದೂರ ಹೋಗುತ್ತದೆಂದು, ಹೋಗುವ ದಾರಿಯಲ್ಲಿ ಸೊಸೆಯ ಕಿವಿಯೂ ಇದೆಯೆಂದು ಅವಳಿಗೆ ಗೊತ್ತಿತ್ತು.

ಮಂಗಳವಾರ ಅಮ್ಮ ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಎದುರು ಮನೆಗೆ ಹೋದಳು.

"ಒಂದು ಮೂಲೇಲಿ ಹೊಲಿಗೆ ಸೊಟ್ಟ ಆಗಿದೆ ಸಾರ್. ಕೊಡಿ, ಸರಿ ಮಾಡ್ಕೊಡ್ತೀನಿ."

"ಇರ್ಲಿ ಬಿಡಿ ಅಮ್ಮಾವ್ರೆ. ಕೈಕೆಲಸ ಅಂದ್ಮೇಲೆ ಸೊಟ್ಟ ಇದ್ರೇನೇ ಚೆನ್ನ."

ಗುರುವಾರ ಚಕ್ಕುಲಿ ಒಯ್ದಳು. ಇದನ್ನು ಕೊಟ್ಟರೆ ಇದಕ್ಕಿಂತ ದೊಡ್ಡ ಕೌದಿ ಹೊಲಿದುಕೊಡುತ್ತೇನೆಂದಳು.

"ಅಂಥಾದ್ದೇನಿದೆ ಇದರಲ್ಲಿ?" ಎಂದು ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರಂತೆ. ಅಮ್ಮ ಚಕ್ಕುಲಿ ಡಬ್ಬಿಯನ್ನೂ ಅಲ್ಲೇ ಮರೆತು ವಾಪಸ್ ಬಂದಳು.

ಶನಿವಾರ ಬೆಳಿಗ್ಗೆ ಮೇಷ್ಟ್ರೇ ಬಂದರು. ಹೆಗಲ ಮೇಲೆ ಕೌದಿ, ಕೈಯಲ್ಲಿ ಎರಡು ಖಾಲಿ ಡಬ್ಬಿ. ನನ್ನ ಹೆಂಡತಿ ಕಾಫಿ ಸೋಸುತ್ತಿದ್ದಳು. ಮೇಷ್ಟ್ರು ಕೌದಿಯ ಒಂದು ಮೂಲೆಯನ್ನು ಅಮ್ಮನ ಮುಂದೆ ಹಿಡಿದರು.

"ವಾರದಿಂದ ಕೆನ್ನೆಗೆ ಚುಚ್ತಾ ಇದೆ. ಒತ್ತಿ ನೋಡಿ, ಕಲ್ಲು. ಏನಮ್ಮಾವ್ರೆ, ನಿಮ್ಮನೇಲಿ ಅಕ್ಕಿ ಆರಿಸಲ್ವಾ?"

ನನ್ನ ಹೆಂಡತಿ ಕಾಫಿ ಸೋಸುವುದನ್ನು ನಿಲ್ಲಿಸಿದಳು. ಮೊರದ ಮುಂದೆ ಕೂತರೆ ಒಂದು ನೆಲ್ಲನ್ನೂ ಬಿಡದವಳು ನಮ್ಮಮ್ಮ. ಮದುವೆಯಾದ ಹೊಸದರಲ್ಲಿ, ಸೊಸೆ ಆರಿಸಿಟ್ಟ ಅಕ್ಕಿಯನ್ನು ಮತ್ತೊಮ್ಮೆ ಆರಿಸಿದವಳು.

ಅಮ್ಮ ಮೂಲೆಯನ್ನು ಒತ್ತಿ ನೋಡಿದಳು. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

"ಇಲ್ಲ ಸಾರ್" ಎಂದಳು. "ಅವತ್ತು ಆರಿಸಿರ್ಲಿಲ್ಲ."

"ಕಲ್ಲಿತ್ತು ಅಂತ ಒಪ್ಕೋತೀರಾ?"

"ಒಪ್ಕೋತೀನಿ. ಕೊಡಿ, ತೆಗೆದುಕೊಡ್ತೀನಿ."

"ಏನತ್ತೆ ಇದು!" ಎಂದಳು ನನ್ನ ಹೆಂಡತಿ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮಗಳ ರಿಸಲ್ಟ್ ಬಂದ ದಿನ ನೋಡಿದ್ದೆ.

ಅಮ್ಮ ಕೌದಿ ತೆಗೆದುಕೊಂಡು ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷದ ನಂತರ ಹೊರಬಂದಾಗ ಮೂಲೆ ಹೊಲಿದಾಗಿತ್ತು, ಒಳಗೆ ಬೇರೆ ಅಕ್ಕಿ ಇತ್ತು. ಅವಳ ಎಡಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಮೇಷ್ಟ್ರು ಕೌದಿಯನ್ನು ಕೆನ್ನೆಗೆ ಒತ್ತಿ ಪರೀಕ್ಷಿಸಿ, ಕಾಫಿ ಕುಡಿದು, ಎದ್ದುಹೋದರು. ಸಂಜೆಯೊಳಗೆ ಅಮ್ಮನ ಅಕ್ಕಿಯಲ್ಲಿ ಕಲ್ಲಿತ್ತೆಂಬ ಸುದ್ದಿ ಗಿರಿನಗರದ ತರಕಾರಿ ಅಂಗಡಿಯವರೆಗೆ ಹೋಗಿತ್ತು. ಅಮ್ಮ ಎಲ್ಲಿಯೂ ಅದನ್ನು ಅಲ್ಲಗಳೆಯಲಿಲ್ಲ.

ಗಾಲಿಕುರ್ಚಿ ಬಂದಿದೆ. ಎರವಲು ಹೋಗಿ ಹೋಗಿ ಈಗ ಮೂರನೆಯ ಮನೆಯಲ್ಲಿದೆ. ಈ ವರ್ಷದ ಕೌದಿಯ ಕೊನೆಯ ಮೂಲೆ ಮೊನ್ನೆ ಶುಕ್ರವಾರ ಮುಗಿಯಿತು. ಅದಕ್ಕೆ ಬೇಕಾದ ಒಂದು ಹಿಡಿ ಅಕ್ಕಿಯನ್ನು ಎದುರು ಮನೆಯ ಮೇಷ್ಟ್ರು ತಾವೇ ಮೊರದಲ್ಲಿ ಆರಿಸಿ ಕಳಿಸಿದ್ದಾರೆ.