ಸಾಹೇಬರಿಗೆ ಮೀಸಲಿಟ್ಟ ಪೂಲ

ನಮ್ಮೂರ ಹಳ್ಳಕ್ಕೆ ಪೂಲ ಕಟ್ಟಿಸಿದ್ದು ಜನ ದಾಟಲಿ ಎಂದಲ್ಲ, ಗಂಡಸರು ಹಾರ ಹಾಕಿಸಿಕೊಳ್ಳಲಿ ಎಂದು. ಬೇರೆ ಕಥೆ ಹೇಳುವವರು ಅಂದು ದಂಡೆಯ ಮೇಲೆ ಇರಲೇ ಇಲ್ಲ.

ಎಂಬತ್ತರ ದಶಕದ ಮಾತು. ನವಲಗುಂದ ಕಡೆಯ ಎರೆಮಣ್ಣಿನ ಊರು ನಮ್ಮದು. ಮಳೆ ಹಿಡಿದರೆ ಹಳ್ಳ ಎದೆಮಟ್ಟ. ಹೈಸ್ಕೂಲು ಇದ್ದದ್ದು ಆಚೆ ದಂಡೆಯ ಊರಿನಲ್ಲಿ. ನನ್ನ ಕಿರಿಮಗಳು ಆ ವರ್ಷ ಏಳನೆಯದು ಪಾಸಾಗಿದ್ದಳು. ನಾನು ಕಲಿತದ್ದು ಎರಡನೇ ಇಯತ್ತೆ. ಅವಳಾದರೂ ಮುಂದೆ ಓದಲಿ ಎಂದು ಹಟ ಹಿಡಿದಿದ್ದೆ. ಹೈಸ್ಕೂಲಿಗೆ ಹೆಸರು ಹಚ್ಚಲು ಉಳಿದಿದ್ದು ಎರಡೇ ದಿನ, ಹಳ್ಳ ತುಂಬಿತ್ತು.

ಪೂಲ ಮುಗಿದು ತಿಂಗಳಾಗಿತ್ತು. ಆದರೆ ಎರಡೂ ತುದಿಗೆ ಜಾಲಿಮುಳ್ಳು ಬಡಿದಿದ್ದರು. ಸರಕಾರದ ದೊಡ್ಡ ಸಾಹೇಬರು ಬಂದು ರಿಬ್ಬನ್ನು ಕತ್ತರಿಸುವ ತನಕ ಯಾರೂ ಕಾಲಿಡುವಂತಿಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ಹೋಳಿಗೆ ಮುಟ್ಟಬಾರದಲ್ಲ, ಹಾಗೆ ಪೂಲವನ್ನೂ ಮೀಸಲು ಮಾಡಿಟ್ಟಿದ್ದರು! ಹಾಗೆ ಮಾಡಿದ ಪಂಚರಲ್ಲಿ ನಮ್ಮ ಮನೆಯವರೂ ಒಬ್ಬರು.

"ಇವತ್ತ ಕಾರ್ಯಕ್ರಮ ಮುಗೀಲಿ, ನಾಳೆ ಹುಡುಗೀನ ನಾನ ಕರ್ಕೊಂಡು ಹೊಕ್ಕೀನಿ," ಎಂದಿದ್ದರು ಉದ್ಘಾಟನೆಯ ದಿನ ಬೆಳಿಗ್ಗೆ.

ಸಾಹೇಬರು ಬರಲಿಲ್ಲ. ಹೇಳಿಯೂ ಕಳಿಸಲಿಲ್ಲ. ಕೂತ ಜನ ಎದ್ದು ಹೋಗದಿರಲಿ ಎಂದು ನನ್ನ ಮೈದುನ ಮೈಕು ಹಿಡಿದ. ಹುಬ್ಬಳ್ಳಿಯಲ್ಲಿ ಮಾಸ್ತರ. ಅವನ ಮುಂದೆ ಪೂಲ ಎನ್ನಬಾರದು, ಸೇತುವೆ ಎನ್ನಬೇಕು. ಗುರು ಸೇತುವೆಯಂತೆ, ಭಾಷೆ ಸೇತುವೆಯಂತೆ, ಪ್ರೀತಿ ಸೇತುವೆಯಂತೆ. ಬೆನ್ನ ಹಿಂದಿದ್ದ ಕಲ್ಲು ಸಿಮೆಂಟಿನದೊಂದನ್ನು ಬಿಟ್ಟು ಲೋಕದಲ್ಲಿ ಇರುವುದೆಲ್ಲ ಸೇತುವೆಯೇ. ಕೊನೆಗೆ ಹೆಂಗಸರ ಕಡೆ ಕೈ ಮಾಡಿ, "ಹೆಣ್ಣೂ ಒಂದು ಸೇತುವೆ! ತವರುಮನೆ, ಗಂಡನ ಮನೆ ಎರಡನ್ನೂ ಕೂಡಿಸುವವಳು!" ಎಂದ. ಗಂಡಸರು ಚಪ್ಪಾಳೆ ಬಡಿದರು.

ನಾನು ಕೂತಲ್ಲಿಂದಲೇ ಕೇಳಿದೆ: "ಹಂಗಂದ್ರ ಎರಡೂ ಕಡಿಯವ್ರು ತುಳದು ಅಡ್ಡಾಡೂದು, ಹೌದಿಲ್ಲೋ ಮಾಸ್ತರಾ?"

ಬಾಜು ಕೂತಿದ್ದ ಅವನ ಹೆಂಡತಿ ಬಾಯಿಗೆ ಸೆರಗಿಟ್ಟು ನಕ್ಕಳು.

"ವೈನಿ, ನಿಮಗ ತಿಳಿಯೂದಿಲ್ಲ, ಸುಮ್ಕಿರ್ರಿ."

"ಹೌದಪಾ, ಎರಡನೇತ್ತೆ ಕಲ್ತಾಕಿಗೆ ಏನ ತಿಳೀತೈತಿ? ಮುಳ್ಳ ಚುಚ್ಚಿದ್ದಷ್ಟ ತಿಳೀತೈತಿ."

ಹೊತ್ತು ಇಳಿಯಿತು. ಹಾರಗಳು ಬಾಡಿದವು. ಇನ್ನೊಂದು ದಿನ ಇಟ್ಟುಕೊಂಡರಾಯಿತೆಂದು ಪಂಚರು ಎದ್ದರು. ಬೆಳಿಗ್ಗೆ ಸರಿಸಿದ್ದ ಮುಳ್ಳನ್ನು ತಾವೇ ಎಳೆದು ಮತ್ತೆ ಅಡ್ಡ ಹಾಕಿದರು. ಅದೇನು ಶ್ರದ್ಧೆ!

"ನಾಳೆ ಕಡೀ ದಿನಾರೀ. ಹುಡುಗಿದೇನು?" ಎಂದು ಮನೆಯವರನ್ನು ಕೇಳಿದೆ.

"ಒಂದು ವರ್ಷ ತಡಾ ಆದ್ರ ಏನ ಮುಳಗತೈತಿ? ಸಾಹೇಬ್ರಕಿಂತ ಮೊದ್ಲ ನಮ್ಮನಿಯವ್ರ ದಾಟಿದ್ರ ಪೂಲ ಎಂಜಲ ಆಗತೈತಿ. ನಾಕ ಮಂದ್ಯಾಗ ನನ್ನ ಮಾರಿ ಉಳೀತೈತೇನ?"

ಮಗಳು ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನೇ ಎರಡು ಬಿಡುತ್ತಿದ್ದೆ.

ಮರುದಿನ ಬೆಳಿಗ್ಗೆ ಹಾಲು ಹಿಂಡಿ ಎಮ್ಮೆಯ ಹಗ್ಗ ಬಿಚ್ಚಿದೆ. ಕುಡುಗೋಲಿನಿಂದ ಮುಳ್ಳು ಎಳೆದು ಹಳ್ಳಕ್ಕೆ ಬಿಸಾಕಿ, ಮೊದಲು ಎಮ್ಮೆಯನ್ನೇ ಪೂಲಕ್ಕೆ ಹತ್ತಿಸಿದೆ. ಅದು ನಟ್ಟನಡುವೆ ನಿಂತು ಸೆಗಣಿ ಹಾಕಿತು. "ಸೆಗಣಿ ತುಳದೀ ಬೇ, ನೋಡಿ ಬಾ," ಎಂದು ಮಗಳನ್ನು ಕರೆದೆ. ಆಚೆ ತುದಿಯ ಮುಳ್ಳನ್ನೂ ಎಳೆದು ಹಾಕಿ, ಎಮ್ಮೆಯನ್ನು ಹೈಸ್ಕೂಲಿನ ಮುಂದಿನ ಬೇವಿನ ಗಿಡಕ್ಕೆ ಕಟ್ಟಿ, ಒಳಗೆ ಹೋಗಿ, ತಂದೆ ಸಹಿ ಮಾಡುವ ಜಾಗದಲ್ಲಿ ನನ್ನ ಹೆಸರು ಬರೆದು ಅವಳ ಹೆಸರು ಹಚ್ಚಿಸಿದೆ.